ಕೊಳವೆಗೊಂದು ಕುಲಾವಿ

ಚನ್ನಗಿರಿಯ ಜವಳಿ ವ್ಯಾಪಾರಿ ಪಂಚಾಕ್ಷರಪ್ಪನವರು ಗೊರಕೆ ಹೊಡೆಯುತ್ತಾರೆ ಎಂಬ ಸತ್ಯ ಊರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬರು ಅವರ ಹೆಂಡತಿ ಸರ್ವಮಂಗಳಮ್ಮ. ಬೀದಿಯ ಮಿಕ್ಕವರೆಲ್ಲ ರಾತ್ರಿ ಕೇಳಿಬರುವ ಆ ಸದ್ದು ಹಿಂದಿನ ಓಣಿಯ ಜುಂಜಪ್ಪನ ಅಕ್ಕಿ ಗಿರಣಿಯದು ಎಂದೇ ನಂಬಿದ್ದರು. ನಂಬಿಸಿದವರು ಪಂಚಾಕ್ಷರಪ್ಪನವರೇ. ಜುಂಜಪ್ಪ ಸಂಜೆ ದೀಪ ಹಚ್ಚುವ ಹೊತ್ತಿಗೆ ಗಿರಣಿಗೆ ಬೀಗ ಜಡಿದು ಕೆರೆಬಿಳಚಿಯ ಬಸ್ಸು ಹತ್ತುತ್ತಿದ್ದ. ಆದರೂ ಅವನು ಈ ಮಾತನ್ನು ಅಲ್ಲಗಳೆಯಲಿಲ್ಲ. ರಾತ್ರಿಯೂ ಓಡುವಷ್ಟು ಕೆಲಸ ತನ್ನ ಗಿರಣಿಗಿದೆ ಎಂದು ಊರು ತಿಳಿದರೆ ಅವನ ಗಂಟೇನು ಹೋಗುತ್ತದೆ?

ಗೊರಕೆಯನ್ನು ಪಂಚಾಕ್ಷರಪ್ಪನವರು ಮರ್ಯಾದೆಯ ಪ್ರಶ್ನೆ ಮಾಡಿಕೊಂಡಿದ್ದರು. ಅಂಗಡಿಯಲ್ಲಿ ಮೀಟರ್ ಕೋಲು ಹಿಡಿದು ಬಟ್ಟೆ ಅಳೆಯುತ್ತ ಅಳೆಯುತ್ತಲೇ ಅವರಿಗೆ ಜೊಂಪು ಹತ್ತುತ್ತಿತ್ತು. ಎಚ್ಚರವಾದಾಗ ಗಿರಾಕಿಯ ಕೈಯಲ್ಲಿ ಅರ್ಧ ಥಾನು ಇರುತ್ತಿತ್ತು. "ಲೆಕ್ಕದಾಗೆ ಮುಳುಗಿದ್ದೆ ಕಣ್ರೀ" ಎಂದು ಗಂಭೀರವಾಗಿ ಹೇಳಿ ಮತ್ತೆ ಮೊದಲಿಂದ ಅಳೆಯುತ್ತಿದ್ದರು. ಇಂಥವರು ಎಲ್ಲವನ್ನೂ ಸುಧಾರಿಸಿಕೊಂಡು ಹೋಗಬಲ್ಲರು, ಬಾಯಿ ಒಂದು ಸುಮ್ಮನಿದ್ದರೆ.

ದೀಪಾವಳಿ ಮುಗಿದ ವಾರ ಬೀದಿಯಲ್ಲೊಂದು ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಯಾರೋ ಸರ್ವಮಂಗಳಮ್ಮನವರನ್ನು ಕೇಳಿದರು, "ಯಾಕ್ರೀ ಅಮ್ಮಾರೇ, ಕಣ್ಣು ಇಷ್ಟು ಕೆಂಪಗಾಗ್ಯಾವೆ?"

"ಇವರ ಗೊರಕೆ ಕಣ್ರಮ್ಮಾ. ಮೂವತ್ತು ವರ್ಷ ಆತು ನಾನು ಕಣ್ತುಂಬ ನಿದ್ದೆ ಮಾಡಿ."

ಎದುರು ಸಾಲಿನಲ್ಲಿದ್ದ ಪಂಚಾಕ್ಷರಪ್ಪನವರ ಕೈಯಲ್ಲಿನ ಹಪ್ಪಳ ಮುರಿಯಿತು. ಅವರು ನಕ್ಕರು. ನಕ್ಕು, ಇಡೀ ಪಂಕ್ತಿಗೆ ಕೇಳುವಂತೆ, "ಅದು ಜುಂಜಪ್ಪನ ಗಿರಣಿ ಅಂತ ಎಲ್ಲರಿಗೂ ಗೊತ್ತೈತೆ. ಗೊರಕೆ ಅನ್ನಾದೇನಾದ್ರೂ ನಮ್ಮನೇಲಿದ್ರೆ ಅದು ಇವಳದೇ. ನಾನು ಮರ್ಯಾದೆಗೆ ಅಂಜಿ ಇಷ್ಟು ವರ್ಷ ಬಾಯಿ ಬಿಟ್ಟಿಲ್ಲ" ಎಂದರು.

ಪಂಕ್ತಿಯೆಲ್ಲ ಗೊಳ್ಳೆಂದಿತು. ಬಡಿಸುವವನೂ ಸೌಟು ಹಿಡಿದುಕೊಂಡೇ ನಕ್ಕ. ಸರ್ವಮಂಗಳಮ್ಮ ನಗಲಿಲ್ಲ. ಎಲೆ ಮಡಚಿ ಎದ್ದರು. ಮಾರನೆಯ ದಿನ ಟ್ರಂಕು ಕಟ್ಟಿಕೊಂಡು ಜಗಳೂರಿನ ತವರಿಗೆ ಹೊರಟೇಬಿಟ್ಟರು.

"ಗೊರಕೆಗೆ ಹೋಗ್ತಿಲ್ಲ ನಾನು," ಬಸ್ಸಿನ ಕಿಟಕಿಯಿಂದ ಅವರು ಹೇಳಿದರು. "ಊರ ಮುಂದೆ ನನ್ನ ಸುಳ್ಳಿ ಮಾಡಿದ್ರಲ್ಲ, ಅದಕ್ಕೆ. ನಾಲ್ಕು ಜನರ ಎದುರಿಗೆ 'ಗೊರಕೆ ನಂದು' ಅಂತ ಒಪ್ಕೊಳ್ರಿ, ಅವತ್ತೇ ಬರ್ತೀನಿ. ಇಲ್ಲಾಂದ್ರೆ ಆ ಗಿರಣಿ ಜತೆಗೇ ಸಂಸಾರ ಮಾಡ್ಕೊಂಡಿರ್ರಿ."

ಬೀದಿಯವರು ಕೇಳಿದಾಗ ಪಂಚಾಕ್ಷರಪ್ಪನವರು ಆಕಾಶ ನೋಡುತ್ತ, "ಮೈಗೆ ಸ್ವಲ್ಪ ಹಂಗೇ... ವಿಶ್ರಾಂತಿ ಬೇಕು ಅಂದ್ರು" ಎಂದರು. ಆದರೆ ಮನೆಗೆ ಬಂದು ಒಲೆ ಹಚ್ಚಿ, ಉಪ್ಪಿಲ್ಲದ ಉಪ್ಪಿಟ್ಟು ತಿನ್ನುವಾಗ ಅವರಿಗೆ ಅಳುವೇ ಬಂತು. ಹೆಂಡತಿ ಬೇಕು, ಒಪ್ಪಿಕೊಳ್ಳುವುದು ಮಾತ್ರ ಬೇಡ. ಅವರ ತಲೆ ಒಂದು ದಾರಿ ಹುಡುಕಿತು. ಗೊರಕೆಯನ್ನೇ ನಿಲ್ಲಿಸಿಬಿಟ್ಟರೆ ಒಪ್ಪಿಕೊಳ್ಳುವುದಕ್ಕೆ ಉಳಿಯುವುದಾದರೂ ಏನು?

ಅವರ ಚಿಕ್ಕಪ್ಪನ ಮಗ ಡಾಕ್ಟರ್ ಬೆನಕಪ್ಪ ವಿಲಾಯಿತಿಯಲ್ಲಿ ಓದಿ ಬಂದು ಮೈಸೂರಿನಲ್ಲಿದ್ದ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆಂದು ಆ ದೇಶದಲ್ಲಿ ಹೊಸದಾಗಿ ಬಂದಿದ್ದ ಒಂದು ಮಿಷನ್ನು ತಂದಿಟ್ಟುಕೊಂಡಿದ್ದ. ಅಣ್ಣನ ಕಥೆ ಕೇಳಿ, ಹದಿನೈದು ದಿನ ಕಾಯಿಸಿ ಅದನ್ನು ಕೊಟ್ಟು ಕಳಿಸಿದ. ಒಂದು ಪೆಟ್ಟಿಗೆ, ಅದರೊಳಗೆ ಗಾಳಿ ಊದುವ ಫ್ಯಾನು, ಗಾಳಿ ಒಣಗಿ ಮೂಗು ಉರಿಯದಂತೆ ಪಕ್ಕದಲ್ಲೊಂದು ಬೆಚ್ಚನೆ ನೀರಿನ ಡಬ್ಬಿ, ಅಲ್ಲಿಂದ ಆರಡಿ ಉದ್ದದ ಕೊಳವೆ, ತುದಿಯಲ್ಲಿ ಮೂಗಿಗೆ ಕಟ್ಟಿಕೊಳ್ಳುವ ಬಟ್ಟಲು. ಎಂಬತ್ತೆಂಟನೇ ಇಸವಿಯ ಚನ್ನಗಿರಿಯಲ್ಲಿ ಇಂಥದ್ದು ಇನ್ನೊಂದಿರಲಿಲ್ಲ. ಅಷ್ಟು ದೂರದಿಂದ ಬಂದದ್ದನ್ನು ಎಲ್ಲೆಂದರಲ್ಲಿ ಇಡುವುದುಂಟೆ? ಪಂಚಾಕ್ಷರಪ್ಪನವರು ಮಂಚದ ತಲೆದೆಸೆಯ ಬೀರುವಿನ ನೆತ್ತಿಯ ಮೇಲೆ ಹಸಿರು ವಸ್ತ್ರ ಹಾಸಿ ಅದನ್ನು ಕೂರಿಸಿ, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿದರು.

ಗೊರಕೆಯೇನೋ ನಿಂತಿತು. ಆದರೆ ಕೋಣೆಯ ಚಳಿಗೆ, ಡಬ್ಬಿಯಿಂದ ಬಂದ ಬೆಚ್ಚನೆಯ ಹಬೆ ಕೊಳವೆಯೊಳಗೆ ಬೆವರಿ ನೀರಾಗತೊಡಗಿತು. ಆ ನೀರು ಹನಿಹನಿಯಾಗಿ ಕೂಡಿ, ಗುಳುಗುಳು ಸದ್ದು ಮಾಡುತ್ತ, ಬೀರುವಿನ ನೆತ್ತಿಯಿಂದ ಸೀದಾ ಇಳಿದು ಮೂಗಿಗೆ ಬಂತು. ಸೂಳೆಕೆರೆಯಲ್ಲಿ ಮುಳುಗುತ್ತಿದ್ದೇನೆ ಎಂದು ಕನಸು ಕಂಡು ಪಂಚಾಕ್ಷರಪ್ಪನವರು ಕೈಕಾಲು ಬಡಿಯುತ್ತ ಎದ್ದರು. ಬಟ್ಟಲು ಕಿತ್ತೆಸೆದು ಮಲಗಿದರೆ ಗೊರಕೆ. ಮತ್ತೆ ಕಟ್ಟಿಕೊಂಡರೆ ಕೆರೆ. ಹೀಗೆ ವಾರ ಕಳೆಯಿತು.

"ಜುಂಜಪ್ಪನ ಗಿರಣಿ ಈಗೀಗ ಸ್ವಲ್ಪ ಓಡ್ತೈತೆ, ನಿಲ್ತೈತೆ. ಬೆಲ್ಟು ಸವೆದಿರಬೇಕು," ಎಂದು ಬೀದಿಯವರು ಮಾತಾಡಿಕೊಂಡರು.

ಪಂಚಾಕ್ಷರಪ್ಪನವರು ಮೂಗು ಸೋರಿಸಿಕೊಂಡು ಅಂಚೆ ಕಚೇರಿಗೆ ಹೋಗಿ ಮೈಸೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಲೈನು ಸಿಗುವ ಹೊತ್ತಿಗೆ ಅಲ್ಲಿ ಅರ್ಧ ಊರು ನೆರೆದಿತ್ತು. ಆ ಕಾಲದ ಟ್ರಂಕ್ ಕಾಲಿನಲ್ಲಿ ಗುಟ್ಟು ಮಾತಾಡಬೇಕಾದರೂ ಕಿರುಚಿಯೇ ಮಾತಾಡಬೇಕು.

"ಹಲೋ! ಬೆನಕಪ್ಪಾ? ನಾನು ಕಣಪ್ಪಾ, ಚನ್ನಗಿರಿ ಅಣ್ಣ! ಹ್ಞೂಂ, ನೀನು ಹೇಳಿದಂಗೇ ಮಾಡ್ತಿದೀನಿ. ಆದ್ರೆ ನೀರು ತುಂಬ್ಕೊಳ್ತೈತಪ್ಪಾ, ನೀರು! ರಾತ್ರಿಯೆಲ್ಲ ಒದ್ದಾಟ! ಏನು? ಬೆಚ್ಚಗಿಡಬೇಕಾ? ಉಣ್ಣೇದು ಹೆಣೆಸಿ ಹಾಕ್ಲಾ? ಆತು, ಆತು! ಏನಂದೆ? ನೆಲದ ಮ್ಯಾಲೆ ಇಡಬೇಕಾ? ಛೆ ಛೆ, ಎಂಥ ಮಾತು ಆಡ್ತೀಯೋ! ಅಷ್ಟು ಕಾಯ್ದು ಪಡೆದದ್ದನ್ನ ನೆಲದ ಮ್ಯಾಲೆ ಇಡಾದಾ?"

ಪೋಸ್ಟ್ ಮಾಸ್ಟರ್ ತಿಪ್ಪೇರುದ್ರಸ್ವಾಮಿಯವರ ಕೈಯ ಮೊಹರು ಗಾಳಿಯಲ್ಲೇ ನಿಂತಿತು.

"ಡಾಕ್ಟ್ರ ಹತ್ರ ಮಾತಾಡಿದ್ರಾ ಸಾಹುಕಾರ್ರೇ?" ಎಂದು ಕೇಳಿದರು, ಮೆಲ್ಲಗೆ.

"ಹ್ಞೂಂ. ಏನಿಲ್ಲ, ಮನೆ ವಿಷಯ."

"ಅಮ್ಮಾರು ತವರಿಗೆ ಹೋಗ್ಯಾರಲ್ವಾ?"

"ಹೋಗ್ಯಾರೆ."

"ಬರಾದು ತಡ ಆಗಬಹುದೇನೋ?"

"ಅದು ನನ್ನ ಕೈಯಾಗಿಲ್ಲ ಸ್ವಾಮಿ," ಎಂದು ಪಂಚಾಕ್ಷರಪ್ಪನವರು ನಿಟ್ಟುಸಿರಿಟ್ಟು ಹೊರಟರು. ಪೋಸ್ಟ್ ಮಾಸ್ಟರರು ಮೊಹರನ್ನು ಕೆಳಗಿಟ್ಟು ಅಲ್ಲಿದ್ದವರ ಮುಖವನ್ನೊಮ್ಮೆ ನೋಡಿದರು. ಎಲ್ಲರಿಗೂ ಅರ್ಥವಾಗಿತ್ತು. ನಲವತ್ತಾರು ವಯಸ್ಸಿನ ಹೆಂಗಸು, ಹೊನ್ನಾಳಿಗೆ ಕೊಟ್ಟ ಮಗಳಿಗೇ ಒಂದು ಕೂಸಿದೆ, ಆದರೂ ದೇವರ ಮನಸ್ಸನ್ನು ಯಾರು ಕಂಡಿದ್ದಾರೆ?

ಅಂದು ಸಂಜೆಯೇ ಪಂಚಾಕ್ಷರಪ್ಪನವರು ಉಣ್ಣೆಯ ಉಂಡೆಗಳನ್ನು ಪಂಚೆಯ ಸೆರಗಿನಲ್ಲಿ ಮುಚ್ಚಿಕೊಂಡು ಹೊನ್ನೂರಮ್ಮನವರ ಮನೆಗೆ ಹೋದರು. ಹೊನ್ನೂರಮ್ಮ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದು ನಿವೃತ್ತರಾದವರು. ಆ ಬೀದಿಯಲ್ಲಿ ಹುಟ್ಟಿದ ಯಾವ ಕೂಸೂ ಅವರು ಹೆಣೆದ ಕುಲಾವಿ ಹಾಕಿಕೊಳ್ಳದೆ ಹೊಸ್ತಿಲು ದಾಟಿದ್ದಿಲ್ಲ. ಕೂಸಿನ ಉಡುಪು ಬಿಟ್ಟು ಬೇರೆ ಏನನ್ನೂ ಅವರು ಹೆಣೆಯುತ್ತಲೂ ಇರಲಿಲ್ಲ.

"ಟೀಚರಮ್ಮಾ, ಇದ್ರಾಗೆ ಒಂದು ಹೆಣೆದು ಕೊಡ್ಬೇಕಲ್ಲ."

ಪೋಸ್ಟಾಫೀಸಿನ ಸುದ್ದಿ ಆಗಲೇ ಬಂದು ಮುಟ್ಟಿದ್ದರಿಂದ ಹೊನ್ನೂರಮ್ಮನ ಮುಖ ಅರಳಿತು. "ಅದಕ್ಕೇನ್ರೀ, ಸಂತೋಷ. ಅಳತೆ?"

"ಉದ್ದ ಆರಡಿ."

"ಆರಡಿ?"

"ದಪ್ಪ ಇಷ್ಟಿದ್ರೆ ಸಾಕು," ಎಂದು ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದರು. "ಎರಡೂ ಕಡೆ ಬಾಯಿ ಬಿಟ್ಟಿರ್ಲಿ. ಯಾರಿಗೂ ಹೇಳ್ಬೇಡ್ರಿ. ಈಗ್ಲೇ ಗೊತ್ತಾಗಾದು ಬ್ಯಾಡ."

ಹೊನ್ನೂರಮ್ಮ ರಾತ್ರಿಯೆಲ್ಲ ಯೋಚಿಸಿದರು. ಗಂಡಸರಿಗೆ ಕೂಸಿನ ಅಳತೆ ಎಲ್ಲಿ ತಿಳಿಯಬೇಕು? ಪಾಪ, ಗಾಬರಿಯಲ್ಲಿ ಏನೋ ಒಂದು ಹೇಳಿದ್ದಾರೆ. ಆದರೆ ಆರಡಿ ಉಣ್ಣೆ ಒಂದು ಕೂಸಿಗೆ ಹೆಚ್ಚಾಯಿತಲ್ಲ? ಆಗ ಅವರಿಗೆ ಹೊಳೆಯಿತು. ಎದ್ದು ಕೂತು, ಪಕ್ಕದ ಹಾಸಿಗೆಯ ತಂಗಿಯನ್ನು ಎಬ್ಬಿಸಿ, "ಅವಳಿ ಕಣೆ!" ಎಂದರು.

ನಾಲ್ಕನೆಯ ದಿನ ಗಂಟು ಬಿಚ್ಚಿದ ಪಂಚಾಕ್ಷರಪ್ಪನವರಿಗೆ ಕಂಡದ್ದು ಎರಡು ಕುಲಾವಿ, ಎರಡು ಸ್ವೆಟರು, ನಾಲ್ಕು ಕಾಲುಚೀಲ. ಅರ್ಧ ಹಳದಿ, ಅರ್ಧ ಗುಲಾಬಿ. ಅವರು ಬಹಳ ಹೊತ್ತು ಅದನ್ನು ತಿರುವಿ ತಿರುವಿ ನೋಡಿದರು. ವಯಸ್ಸಾಯಿತು, ಟೀಚರಮ್ಮನಿಗೆ ಕಿವಿ ಮಂದವಾಗಿದೆ ಎಂದುಕೊಂಡರು. ಹಾಗಂತ ವ್ಯಾಪಾರಸ್ಥರು ಮಾಲನ್ನು ದಂಡ ಮಾಡುತ್ತಾರೆಯೇ? ಕಾಲುಚೀಲದ ತುದಿ ಕತ್ತರಿಸಿ ಒಂದರ ಹಿಂದೊಂದು ಕೊಳವೆಗೆ ತೊಡಿಸಿದರು. ನಡುವೆ ಸ್ವೆಟರಿನ ತೋಳುಗಳು. ನೀರಿನ ಡಬ್ಬಿಯ ತಲೆಗೆ ಒಂದು ಕುಲಾವಿ ಹಾಕಿ ಗಲ್ಲದ ಕೆಳಗೆ ಲಾಡಿಯನ್ನೂ ಕಟ್ಟಿದರು.

ಕೊಳವೆಯ ಬೆವರು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಹುಟ್ಟಿದ ಅಷ್ಟಿಷ್ಟು ನೀರೂ ಬೀರುವಿನ ಮೇಲಿಂದ ಮೂಗಿಗೇ ಇಳಿಯಿತು. ನೆಲದ ಮೇಲಿಟ್ಟರೆ ನೀರು ಡಬ್ಬಿಗೇ ವಾಪಸು ಹರಿಯುತ್ತದೆ ಎಂದು ಬೆನಕಪ್ಪ ಫೋನಿನಲ್ಲಿ ಬಡಕೊಂಡಿದ್ದ. ಆದರೆ ವಿಲಾಯಿತಿ ಸಾಮಾನನ್ನು ನೆಲಕ್ಕಿಡುವ ಮಾತನ್ನು ಪಂಚಾಕ್ಷರಪ್ಪನವರು ಅಲ್ಲೇ ಬಿಟ್ಟು ಬಂದಿದ್ದರು.

ಇತ್ತ ಅಂಗಡಿಗೆ ಬಂದವರೆಲ್ಲ ಅವರನ್ನು ಒಂದು ಥರ ನೋಡತೊಡಗಿದರು. ಕೆಲವರು ಕೈ ಕುಲುಕಿದರು. ತ್ಯಾವಣಿಗೆಯ ಗಿರಾಕಿಯೊಬ್ಬ ಚೌಕಾಸಿ ಮಾಡದೆ ಪಂಚೆ ಕೊಂಡು, "ಈ ವಯಸ್ಸಿನಾಗೆ! ಶರಣು ಸಾಹುಕಾರ್ರೇ, ಶರಣು!" ಎಂದು ನಮಸ್ಕಾರ ಹಾಕಿ ಹೋದ. ಮಿಷನ್ನಿನ ಸುದ್ದಿ ಹೇಗೋ ಸೋರಿದೆ ಎಂದುಕೊಂಡ ಪಂಚಾಕ್ಷರಪ್ಪನವರು, "ಹ್ಞೂಂ, ಏನೋ ಪ್ರಯತ್ನ ನಡೆದೈತೆ" ಎಂದರು. ಅಷ್ಟು ಹೇಳಬಾರದಿತ್ತು.

ಸುದ್ದಿ ಬಸ್ಸು ಹತ್ತಿ ಹೊನ್ನಾಳಿಗೆ ಹೋಯಿತು. ಮಗಳು ಕೂಸನ್ನು ಎತ್ತಿಕೊಂಡು ಬಂದು ಬಾಗಿಲಲ್ಲೇ ನಿಂತು, "ಅಪ್ಪಾ, ನನ್ನ ಮಗ ಇನ್ಮೇಲೆ ತೊಟ್ಟಿಲಾಗಿರಾ ಕೂಸಿಗೆ ಮಾವ ಅನ್ನಬೇಕೇನಪ್ಪಾ?" ಎಂದು ಅತ್ತಳು. ಪಂಚಾಕ್ಷರಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ತೆರೆದ ಕೋಣೆಯೊಳಗೆ ಬೀರುವಿನ ಮೇಲೆ ಕುಲಾವಿ ಹಾಕಿಕೊಂಡು ಕೂತ ಡಬ್ಬಿ ಅವಳ ಕಣ್ಣಿಗೆ ಬಿತ್ತು. ಅಪ್ಪನಿಗೆ ಆಸೆ ಇಷ್ಟು ಮಿತಿಮೀರಿದೆಯಲ್ಲ ಎಂದು ಅವಳು ಇನ್ನಷ್ಟು ಅತ್ತು, ಒಂದು ಲೋಟ ನೀರೂ ಕುಡಿಯದೆ ವಾಪಸಾದಳು.

ಸುದ್ದಿ ಅಲ್ಲಿಂದ ನ್ಯಾಮತಿ ಮುಟ್ಟಿತು. ನ್ಯಾಮತಿಯಲ್ಲಿದ್ದವರು ಪಂಚಾಕ್ಷರಪ್ಪನವರ ಅಕ್ಕ ದ್ಯಾಮಮ್ಮ. ದ್ಯಾಮಮ್ಮನವರು ಮಾತಾಡಲು ಶುರು ಮಾಡಿದರೆ ಎದುರಿನವರಿಗೆ ಉಸಿರಾಡಲು ಸಹ ಸರದಿ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿದರು.

"ಲೇ ಪಂಚಾಕ್ಷರೀ, ನಿನಗೆ ಬುದ್ಧಿ ಐತೇನೋ? ಮದುವೆಯಾಗಿ ಮೂವತ್ತು ವರ್ಷಕ್ಕೆ ಮತ್ತೆ ಬಸುರಾದ ಮನೆ ಸೊಸೇನ ಕುಬಸ, ಸೀಮಂತ ಅಂತ ಒಂದೂ ಮಾಡದೆ ತವರಿಗೆ ಕಳಿಸೀಯಲ್ಲ! ಜಗಳೂರಿನೋರು ನಮ್ಮನ್ನ ಏನಂದಾರು? ಹಸಿರು ಸೀರೆ ಉಡಿಸಾಕೆ, ಹಸಿರು ಬಳೆ ತೊಡಿಸಾಕೆ ನಮ್ಮನೇಲಿ ಗತಿ ಇಲ್ಲ ಅಂತಾರೆ!"

"ಅಕ್ಕಾ, ಯಾರು ಬಸುರಿ?"

"ನಾಚಿಕೆ ಸಾಕು ಮಾಡು!"

ಪಂಚಾಕ್ಷರಪ್ಪನವರಿಗೆ ಕೊನೆಗೂ ಎಲ್ಲ ತಿಳಿಯಿತು. ಪೋಸ್ಟಾಫೀಸು, ಉಣ್ಣೆ, ತ್ಯಾವಣಿಗೆಯವನ ನಮಸ್ಕಾರ, ಎಲ್ಲವೂ ಒಟ್ಟಿಗೆ ತಿಳಿಯಿತು. "ಅವಳು ಬಸುರಿಯಲ್ಲ" ಎನ್ನಲು ಬಾಯಿ ತೆರೆದರು. ಹಾಗೆಂದರೆ "ಮತ್ಯಾಕೆ ತವರಿಗೆ ಹೋದಳು?" ಎಂಬ ಪ್ರಶ್ನೆ ಬರುತ್ತದೆ. ಬಾಯಿ ಮುಚ್ಚಿದರು. ಆ ಮೌನವೇ ಒಪ್ಪಿಗೆಯಾಯಿತು.

ಅವರು ಅಂಗಡಿಗೆ ಹೋಗಿ ಏನು ಮಾಡುವುದೆಂದು ತಲೆ ಹಿಡಿದು ಕೂತಿದ್ದಾಗ, ದ್ಯಾಮಮ್ಮ ಅದೇ ಅಂಗಡಿಯಿಂದ ಒಳ್ಳೆಯದೊಂದು ಹಸಿರು ಸೀರೆಯನ್ನೂ ಕುಬಸದ ಖಣವನ್ನೂ ಎತ್ತಿಕೊಂಡು ಹೋದರು. ಪಂಚಾಕ್ಷರಪ್ಪನವರಿಗೆ ಜೊಂಪು ಹತ್ತಿತ್ತು. ಎಚ್ಚರವಾಗಿ ನೋಡಿದರೆ, ಬೀದಿಯ ಹೆಂಗಸರೆಲ್ಲ ಹೋಳಿಗೆ ಬುಟ್ಟಿ, ಬಳೆ, ಎಲೆಅಡಿಕೆ, ಹೊನ್ನೂರಮ್ಮನವರ ಸಮೇತ ಬಾಡಿಗೆ ಮೆಟಾಡೋರಿನಲ್ಲಿ ಜಗಳೂರಿಗೆ ಹೊರಟುಬಿಟ್ಟಿದ್ದರು. ಪೋಸ್ಟ್ ಮಾಸ್ಟರ್ ತಿಪ್ಪೇರುದ್ರಸ್ವಾಮಿಯವರು ಗಂಡಸರ ಪರವಾಗಿ ಮುಂದಿನ ಸೀಟಿನಲ್ಲಿದ್ದರಂತೆ.

ಪಂಚಾಕ್ಷರಪ್ಪನವರು ಅಂಗಡಿಯ ಬಾಗಿಲನ್ನೂ ಸರಿಯಾಗಿ ಎಳೆಯದೆ ಬಸ್ಸಿಗೆ ಓಡಿದರು. ದಾವಣಗೆರೆಯಲ್ಲಿ ಬಸ್ಸು ಬದಲಾಯಿಸಿ, ಅಲ್ಲಿಂದ ಜಗಳೂರಿನವರೆಗೆ ಸೀಟು ಸಿಗದೆ, ಒಂದು ಕುರಿಯ ಪಕ್ಕದಲ್ಲಿ ನಿಂತೇ ಬಂದರು. ಕಣ್ಣು ಎಳೆಯುತ್ತಿತ್ತು. ವಾರಗಟ್ಟಲೆಯ ನಿದ್ದೆ ಒಟ್ಟಿಗೆ ಬಾಕಿ ನಿಂತಿತ್ತು.

ಜಗಳೂರಿನ ಮನೆಯ ಪಡಸಾಲೆಯಲ್ಲಿ ಸರ್ವಮಂಗಳಮ್ಮನವರನ್ನು ಆಗಲೇ ಮಣೆಯ ಮೇಲೆ ಕೂರಿಸಿಯಾಗಿತ್ತು. ಹಸಿರು ಸೀರೆ ಹೆಗಲ ಮೇಲೆ. ಬಳೆ ಒಂದು ಕೈಗೆ ತೊಡಿಸಿಯಾಗಿತ್ತು. ಇನ್ನೊಂದು ಕೈಯನ್ನು ಅವರು ಕೊಡಲೊಲ್ಲರು. ಅವರ ಅಣ್ಣ ಮಹೇಶ್ವರಪ್ಪ ಕಂಬಕ್ಕೆ ಒರಗಿ, ತಂಗಿಯನ್ನೇ ನೋಡುತ್ತ, "ನಮಗೂ ಒಂದು ಮಾತು ಹೇಳಲಿಲ್ಲವಲ್ಲಮ್ಮಾ" ಎಂದು ನೊಂದುಕೊಳ್ಳುತ್ತಿದ್ದ.

"ಹೇಳಾಕೆ ಏನಾದ್ರೂ ಇದ್ರಲ್ವಾ ಅಣ್ಣಾ ಹೇಳಾದು! ದ್ಯಾಮಕ್ಕಾ, ನಿಮಗೆ ಇದನ್ನ ಯಾರು ಹೇಳಿದ್ದು?"

"ನಿನ್ನ ಗಂಡನೇ ಡಾಕ್ಟ್ರಿಗೆ ಫೋನ್ ಮಾಡ್ಯಾನೆ, ಉಣ್ಣೆ ಹೆಣೆಸ್ಯಾನೆ. ಅವಳಿ ಅಂತೆ! ಕೈ ಕೊಡವ್ವಾ."

"ಅವಳಿ?" ಸರ್ವಮಂಗಳಮ್ಮ ಎದ್ದು ನಿಂತರು. ಅಷ್ಟರಲ್ಲಿ ಬಾಗಿಲಲ್ಲಿ, ಕೆದರಿದ ತಲೆ, ಸೋರುವ ಮೂಗು, ಪಂಚೆಗೆ ಅಂಟಿದ ಕುರಿಯ ಉಣ್ಣೆ ಸಮೇತ ಪಂಚಾಕ್ಷರಪ್ಪನವರು ಕಾಣಿಸಿಕೊಂಡರು.

ಅವರು ಹೆಂಡತಿಯ ಮುಖ ನೋಡಿದರು. ಗೃಹಪ್ರವೇಶದ ದಿನ ಎಲೆ ಮಡಚಿದಾಗ ಇದ್ದ ಮುಖವೇ ಅದು. ಇಷ್ಟು ಜನರ ಮಧ್ಯೆ ಎರಡನೇ ಸಲ ತನ್ನಿಂದಲೇ ಅವಳು ತಲೆ ತಗ್ಗಿಸಬೇಕಾಯಿತಲ್ಲ! ಮರ್ಯಾದೆ ಹಾಳಾಗಿ ಹೋಗಲಿ ಎನ್ನಿಸಿತು.

"ನಿಲ್ಲಿಸ್ರೀ!" ಎಂದು ಕೂಗಿದರು. "ಅವಳು ಬಸುರಿಯಲ್ಲ. ನನ್ನ ಗೊರಕೆ ತಾಳಲಾರದೆ ತವರಿಗೆ ಬಂದಾಳೆ. ಗೊರಕೆ ನಂದು! ಉಣ್ಣೆ ನನ್ನ ಮೂಗಿನ ಪೈಪಿಗೆ!"

ಮೊದಲು ದ್ಯಾಮಮ್ಮ ನಕ್ಕರು. ಎಲ್ಲರೂ ನಕ್ಕರು.

"ದೃಷ್ಟಿ ಆಗ್ತೈತೆ ಅಂತ ಮುಚ್ಚಿಡ್ತಿದಾರೆ," ಎಂದರು ಹೊನ್ನೂರಮ್ಮ.

"ಮೂಗಿಗೆ ಎಲ್ಲಾದ್ರೂ ಪೈಪು ಇರ್ತೈತಾ ಸಾಹುಕಾರ್ರೇ?" ಎಂದರು ಪೋಸ್ಟ್ ಮಾಸ್ಟರು. "ಗೊರಕೆ ಅಂತೆ! ನೀವೇ ಅವತ್ತು ಪಂಕ್ತಿಯಾಗೆ ಹೇಳಿದ್ರಲ್ಲ. ಅದು ಜುಂಜಪ್ಪನ ಗಿರಣಿ."

"ಅಲ್ಲ ಸ್ವಾಮಿ, ಅದು ನಾನೇ! ಆಣೆ ಮಾಡಿ ಹೇಳ್ತೀನಿ!"

"ಪಾಪ, ಬಸ್ಸಿನಾಗೆ ನಿಂತು ಬಂದು ದಣಿದಾನೆ. ಲೇ ಪಂಚಾಕ್ಷರೀ, ಅಲ್ಲಿ ಜಮಖಾನದ ಮ್ಯಾಲೆ ಕುಂತ್ಕೋ ಸುಮ್ನೆ," ಎಂದ ದ್ಯಾಮಮ್ಮ ತಮ್ಮನ ಹೆಂಡತಿಯನ್ನು ಮತ್ತೆ ಮಣೆಯ ಮೇಲೆ ಕೂರಿಸಿ ಬಳೆ ಎತ್ತಿಕೊಂಡರು.

ಜೀವಮಾನದಲ್ಲಿ ಮೊದಲ ಸಲ ಸತ್ಯ ಹೇಳಿದರೂ ಯಾರೂ ನಂಬದೇ ಹೋದಾಗ ಮನುಷ್ಯ ಏನು ಮಾಡಬೇಕು? ಪಂಚಾಕ್ಷರಪ್ಪನವರು ಜಮಖಾನದ ಮೇಲೆ ಕೂತರು. ಮೂಲೆಯಲ್ಲಿ ಮಡಚಿಟ್ಟಿದ್ದ ಕರಿಯ ಕಂಬಳಿಗೆ ಒರಗಿದರು. ಬೆಚ್ಚಗಿತ್ತು.

ದ್ಯಾಮಮ್ಮ ಎರಡನೇ ಕೈಯ ಮೊದಲ ಬಳೆ ತೊಡಿಸುತ್ತಿದ್ದಾಗ ಜಗಳೂರಿನ ಆ ಪಡಸಾಲೆಯಲ್ಲಿ ಜುಂಜಪ್ಪನ ಗಿರಣಿ ಶುರುವಾಯಿತು.

ಮೊದಲು ಸಣ್ಣಗೆ, ಬೆಲ್ಟು ಏರಿದಂತೆ. ಆಮೇಲೆ ಪೂರ್ತಿ. ತಟ್ಟೆಯಲ್ಲಿದ್ದ ಬಳೆಗಳು ಕಿಣಿಕಿಣಿ ಎಂದವು. ಚನ್ನಗಿರಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಆ ಸದ್ದಿಗೆ ಮಕ್ಕಳನ್ನು ಮಲಗಿಸಿದ್ದವರು ಅವರು, ಅದರ ಗುರುತು ಅವರಿಗೆ ತಪ್ಪುವುದುಂಟೆ? ಪೋಸ್ಟ್ ಮಾಸ್ಟರರು ಎದ್ದು ಹೋಗಿ ಪಂಚಾಕ್ಷರಪ್ಪನವರ ತೆರೆದ ಬಾಯನ್ನು ಬಗ್ಗಿ ನೋಡಿದರು.

"ಇಲ್ಲಿಂದಾನೇ ಬರ್ತೈತೆ," ಎಂದರು.

ಆಗ ಸದ್ದು ನಿಂತಿತು. ತಟ್ಟನೆ. ಎದೆ ಏರಲೂ ಇಲ್ಲ, ಇಳಿಯಲೂ ಇಲ್ಲ. ದ್ಯಾಮಮ್ಮನವರ ಮಾತು ಕೂಡ ನಿಂತಿತು.

"ಅಯ್ಯೋ, ಏನಾತು ನನ್ನ ತಮ್ಮನಿಗೆ?"

ಸರ್ವಮಂಗಳಮ್ಮ ಮಣೆಯಿಂದ ಎದ್ದು, ಹಸಿರು ಸೀರೆ ಜಾರಿದ್ದನ್ನೂ ನೋಡದೆ ಹೋಗಿ, ಗಂಡನ ಭುಜ ಹಿಡಿದು ಒಂದು ಸಲ ಅಲ್ಲಾಡಿಸಿದರು. ಖರ್ರ್ ಎಂದು ಉಸಿರು ಬಂತು. ಗಿರಣಿ ಮತ್ತೆ ಹೊರಟಿತು.

"ಕೇಳಿದ್ರಾ?" ಎಂದರು. ಗೆದ್ದ ದನಿಯಲ್ಲೇ ಶುರುವಾದದ್ದು ನಡುವೆ ಒಡೆಯಿತು. "ಸದ್ದಿಗೆ ಎಚ್ಚರ ಇರ್ತಿರಲಿಲ್ಲ ಕಣ್ರಮ್ಮಾ ನಾನು. ಸದ್ದು ನಿಲ್ತೈತಲ್ಲ, ಅದಕ್ಕೆ. ಮತ್ತೆ ಬರ್ತೈತೋ ಇಲ್ಲೋ ಅಂತ ಮೂವತ್ತು ವರ್ಷ ಹಿಂಗೇ ಕಾಯ್ದೀನಿ. ಇವರು ನೋಡಿದ್ರೆ 'ಗೊರಕೆ ಇವಳದೇ' ಅಂದ್ರು."

ಯಾರೂ ನಗಲಿಲ್ಲ. ಹೊನ್ನೂರಮ್ಮ ಕಣ್ಣೊರೆಸಿಕೊಂಡರು. "ಮತ್ತೆ ಆ ಆರಡಿ?" ಎಂದು ಆಮೇಲೆ ಮೆಲ್ಲಗೆ ಕೇಳಿದರು.

ಬಂದ ಹೋಳಿಗೆಯನ್ನು ಯಾರೂ ವಾಪಸು ಒಯ್ಯಲಿಲ್ಲ. ಪಂಚಾಕ್ಷರಪ್ಪನವರು ಎದ್ದು ಕಣ್ಣುಜ್ಜಿಕೊಂಡು, "ಲೆಕ್ಕದಾಗೆ ಮುಳು..." ಎಂದು ಶುರು ಮಾಡಿ, ಹೆಂಡತಿಯ ಮುಖ ನೋಡಿ, "ನಿದ್ದೆ ಬಂದಿತ್ತು. ಗೊರಕೆ ಹೊಡೆದೆನಾ?" ಎಂದರು. ಸರ್ವಮಂಗಳಮ್ಮ ಟ್ರಂಕು ಕಟ್ಟಲು ಒಳಗೆ ಹೋದರು. ಹಸಿರು ಸೀರೆಯನ್ನು ಮಾತ್ರ ಬಿಡಲಿಲ್ಲ. ಒಳ್ಳೆಯ ಸೀರೆ, ಗಂಡನ ಅಂಗಡಿಯದೇ.

ಚನ್ನಗಿರಿಗೆ ಬಂದು ಕೋಣೆಯ ಬಾಗಿಲು ತೆರೆದು, ಬೀರುವಿನ ಮೇಲೆ ಕುಲಾವಿ ಕಟ್ಟಿಕೊಂಡು ಕೂತಿದ್ದ ಮಿಷನ್ನನ್ನೂ ಕಾಲುಚೀಲ ತೊಟ್ಟು ನೇತಾಡುತ್ತಿದ್ದ ಕೊಳವೆಯನ್ನೂ ನೋಡಿ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಅದನ್ನು ಇಳಿಸಿ ಮಂಚದ ಕೆಳಗೆ ನೆಲದ ಮೇಲಿಟ್ಟರು. ಪಂಚಾಕ್ಷರಪ್ಪನವರು "ಅಯ್ಯಯ್ಯೋ, ವಿಲಾಯಿತಿದು ಕಣೆ!" ಎಂದದ್ದಕ್ಕೆ, "ನಿಮ್ಮ ಮೂಗು ಚನ್ನಗಿರೀದು" ಎಂದರು. ಹೊನ್ನೂರಮ್ಮ ಆರಡಿ ಉದ್ದದ, ಎರಡೂ ಕಡೆ ಬಾಯಿ ಬಿಟ್ಟ ಉಣ್ಣೆಯ ಅಂಗಿಯನ್ನು ಹೆಣೆದು ತಂದು ತಾವೇ ಕೊಳವೆಗೆ ತೊಡಿಸಿದರು. ಬೆವರಿದ ಒಂದೆರಡು ಹನಿ ಡಬ್ಬಿಗೇ ವಾಪಸು ಹರಿಯಿತು.

ಈಗ ಮಿಷನ್ನಿನ ಸ್ವಿಚ್ಚು ಸರ್ವಮಂಗಳಮ್ಮನವರ ಕೈಯಲ್ಲಿದೆ. ದಿನಾ ಮಲಗುವ ಮುಂಚೆ, "ಏನ್ರೀ, ಗೊರಕೆ ಯಾರದ್ದು?" ಎಂದು ಕೇಳುತ್ತಾರೆ. ಮೂಗಿಗೆ ಬಟ್ಟಲು ಕಟ್ಟಿಕೊಂಡ ಪಂಚಾಕ್ಷರಪ್ಪನವರು, "ನಂದೇ ಕಣೆ" ಎಂದ ಮೇಲೆಯೇ ಸ್ವಿಚ್ಚು ಒತ್ತುವುದು. ಆಮೇಲೆ ಇಬ್ಬರೂ ಕಣ್ತುಂಬ ನಿದ್ದೆ ಮಾಡುತ್ತಾರೆ.

ಕರೆಂಟು ಹೋದ ರಾತ್ರಿ ಮಾತ್ರ ಹಾಗೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಜುಂಜಪ್ಪನ ಗಿರಣಿ ಶುರುವಾಗುತ್ತದೆ. ಬೀದಿಯೆಲ್ಲ ಹಾಸಿಗೆಯಲ್ಲಿ ಕಿವಿಗೊಟ್ಟು ಮಲಗಿರುತ್ತದೆ. ಸದ್ದು ಎಲ್ಲಿ ತಟ್ಟನೆ ನಿಂತಿತೋ, ಕತ್ತಲಲ್ಲೇ ಪೋಸ್ಟ್ ಮಾಸ್ಟರರ ಮನೆಯ ಕಿಟಕಿ ತೆರೆಯುತ್ತದೆ, ಹೊನ್ನೂರಮ್ಮನವರ ಮನೆಯದೂ ತೆರೆಯುತ್ತದೆ, ಮತ್ತೆ ಎಲ್ಲ ಕಡೆಯಿಂದ ಒಟ್ಟಿಗೆ ಕೂಗು ಕೇಳಿಬರುತ್ತದೆ:

"ಅಮ್ಮಾರೇ, ಒಂದ್ಸಲ ಅಲ್ಲಾಡಿಸ್ರೀ!"